ಬ್ಯಾಟರಿಯ ಆರೋಗ್ಯ: ನೋಡುವುದು, ಅಳೆಯುವುದು, ಕಾಪಾಡುವುದು

(ಕನ್ನಡ ಮಾಧ್ಯಮ ಪ್ರೌಢಶಾಲೆಗಳ ವಿಜ್ಞಾನ ಮತ್ತು ಭಾಷಾ ಶಿಕ್ಷಕರಿಗೆ ಮಾದರಿ ಪಾಠ. 9 ಮತ್ತು 10ನೆಯ ತರಗತಿ. ಮೂರು ಅವಧಿಗಳು.)

1. ಪೀಠಿಕೆ

ರಾಯದುರ್ಗ ಮತ್ತು ಮಡಕಶಿರ ಸೀಮೆಯ ಹಳ್ಳಿಗಳಲ್ಲಿ ಇಂದು ಬ್ಯಾಟರಿ ಕಾಣದ ಮನೆ ವಿರಳ. ಕಾರು, ಸರಕು ಆಟೋ, ಟ್ರ್ಯಾಕ್ಟರ್ ಅಥವಾ ಮನೆಯ ಇನ್ವರ್ಟರ್, ಇವುಗಳಲ್ಲಿ ಒಂದಾದರೂ ವಿದ್ಯಾರ್ಥಿಯ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಇದ್ದೇ ಇರುತ್ತದೆ. ಬೆಳಿಗ್ಗೆ ವಾಹನ ಚಾಲೂ ಆಗದಿದ್ದರೆ ಮನೆಯವರ ಬಾಯಿಂದ ಬರುವುದು ಒಂದೇ ಮಾತು: "ಬ್ಯಾಟ್ರಿ ಹೋಯಿತು." ಈ ಒಂದು ಮಾತಿನೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿರಬಹುದು. ತಂತಿಯ ಜೋಡಣೆ ಸಡಿಲವಾಗಿರಬಹುದು. ನಿಂತ ವಾಹನದಲ್ಲಿ ವಿದ್ಯುತ್ತು ಸೋರಿ ಬ್ಯಾಟರಿ ಇಳಿದಿರಬಹುದು. ಎಂಜಿನ್ ಓಡುವಾಗ ಚಾರ್ಜ್ ಆಗದೆ ಇರಬಹುದು. ಇಲ್ಲವೇ ಬ್ಯಾಟರಿಯೊಳಗಿನ ಕೋಶವೇ ಹಾಳಾಗಿರಬಹುದು. ಮೊದಲಿನ ಮೂರಕ್ಕೆ ಹೊಸ ಬ್ಯಾಟರಿ ಬೇಕಿಲ್ಲ. ನಾಲ್ಕನ್ನೂ ಒಂದೇ ಮಾತಿನಲ್ಲಿ ಹೇಳಿದಾಗ ಅನೇಕ ಕುಟುಂಬಗಳು ಬೇಡದ ಬ್ಯಾಟರಿಗೆ ಸಾವಿರಾರು ರೂಪಾಯಿ ತೆರುತ್ತವೆ. ದೋಷ ಹಾಗೆಯೇ ಉಳಿದಿದ್ದರೆ ಹೊಸ ಬ್ಯಾಟರಿಯೂ ಕೆಲವೇ ವಾರಗಳಲ್ಲಿ ಇಳಿಯುತ್ತದೆ.

ಆದ್ದರಿಂದ ಈ ಪಾಠದ ತಿರುಳು ಇಷ್ಟೇ: ನೀರು ಸುರಿಯುವ ಮೊದಲು, ಚಾರ್ಜಿಗೆ ಕೊಡುವ ಮೊದಲು, ಹೊಸದನ್ನು ಕೊಳ್ಳುವ ಮೊದಲು ಅಳೆಯಬೇಕು, ಅಳೆದುದನ್ನು ಸರಿಯಾದ ಮಾತಿನಲ್ಲಿ ಹೇಳಬೇಕು. ಮೊದಲನೆಯದು ವಿಜ್ಞಾನದ ಕೆಲಸ, ಎರಡನೆಯದು ಭಾಷೆಯ ಕೆಲಸ. ವಿಜ್ಞಾನ ಶಿಕ್ಷಕರೂ ಕನ್ನಡ ಶಿಕ್ಷಕರೂ ಕೂಡಿ ಈ ಪಾಠವನ್ನು ನಡೆಸುವುದು ಉತ್ತಮ.

2. ಕಲಿಕೆಯ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು,
- ಸೀಸ–ಆಮ್ಲ ಬ್ಯಾಟರಿಯ ರಚನೆಯನ್ನೂ ಅದರೊಳಗಿನ ರಾಸಾಯನಿಕ ಕ್ರಿಯೆಯನ್ನೂ ತನ್ನ ಮಾತಿನಲ್ಲಿ ವಿವರಿಸುವನು/ಳು;
- ಮಲ್ಟಿಮೀಟರಿನಿಂದ ಮೂರು ಸ್ಥಿತಿಗಳಲ್ಲಿ ವೋಲ್ಟೇಜನ್ನು ಓದಿ ದೋಷ ಎಲ್ಲಿದೆ ಎಂದು ತರ್ಕಿಸುವನು/ಳು;
- ಬ್ಯಾಟರಿಗೆ ಯಾವ ನೀರು ಹಾಕಬೇಕು, ಯಾವಾಗ ಹಾಕಬೇಕು ಎಂಬುದನ್ನು ಕಾರಣಸಹಿತ ಹೇಳುವನು/ಳು;
- ಆಮ್ಲ, ಅನಿಲ ಮತ್ತು ಸೀಸದ ಅಪಾಯಗಳನ್ನು ಅರಿತು ಮನೆಯವರನ್ನು ಎಚ್ಚರಿಸುವನು/ಳು.

3. ಪದಪರಿಚಯ

ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರ ಜಿಲ್ಲೆಗೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರವು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿಯ ಈ ಭಾಗದ ವಾಹನಗಳು ರಿಪೇರಿಗೆ ಬಳ್ಳಾರಿಗೂ ಹೋಗುತ್ತವೆ, ಅನಂತಪುರಕ್ಕೂ ಹೋಗುತ್ತವೆ, ಹಿಂದೂಪುರಕ್ಕೂ ಶಿರಾಕ್ಕೂ ಹೋಗುತ್ತವೆ. ಹೀಗಾಗಿ ನಮ್ಮ ವಿದ್ಯಾರ್ಥಿಯ ಕಿವಿಗೆ ಒಂದೇ ವಸ್ತುವಿಗೆ ಮೂರು ಬಗೆಯ ಹೆಸರು ಬೀಳುತ್ತದೆ: ಪುಸ್ತಕದ ಕನ್ನಡ, ಅಂಗಡಿಯ ಮಾತು ಮತ್ತು ತೆಲುಗು.

ಪುಸ್ತಕದ 'ಆಮ್ಲ' ಅಂಗಡಿಯಲ್ಲಿ 'ಆಸಿಡ್', ತೆಲುಗಿನಲ್ಲಿ 'ಆಮ್ಲಂ'. ಪುಸ್ತಕದ 'ಸಾಪೇಕ್ಷ ಸಾಂದ್ರತೆ' ಅಂಗಡಿಯಲ್ಲಿ 'ಗ್ರಾವಿಟಿ', ತೆಲುಗಿನಲ್ಲಿ 'ಸಾಪೇಕ್ಷ ಸಾಂದ್ರತ'. 'ಸೀಸ' ತೆಲುಗಿನಲ್ಲಿ 'ಸೀಸಂ'. 'ಭಟ್ಟಿ ಇಳಿಸಿದ ನೀರು' ಅಂಗಡಿಯಲ್ಲಿ 'ಡಿಸ್ಟಿಲ್ ವಾಟರ್'. ಎಂಜಿನನ್ನು ತಿರುಗಿಸುವ ಮೋಟಾರು ಎಲ್ಲರ ಬಾಯಲ್ಲೂ 'ಸೆಲ್ಫ್'. ಬ್ಯಾಟರಿಯೊಳಗಿನ ಆಮ್ಲದ ದ್ರಾವಣವನ್ನು ಪುಸ್ತಕವು 'ವಿದ್ಯುದ್ವಿಭಾಜ್ಯ' ಎನ್ನುತ್ತದೆ. ಅಂಗಡಿಯಲ್ಲಿ ಅದೂ 'ಆಸಿಡ್' ಎಂದೇ.

ಈ ಪದಗಳನ್ನು ಕಪ್ಪುಹಲಗೆಯ ಮೇಲೆ ಮೂರು ಸಾಲುಗಳಲ್ಲಿ ಬರೆಯಿಸಿ. ಅಂಗಡಿಯ ಮಾತನ್ನು ತಪ್ಪೆಂದು ತಿದ್ದಬೇಕಾಗಿಲ್ಲ. ಅದು ಯಾವ ಪರಿಮಾಣವನ್ನು ಸೂಚಿಸುತ್ತದೆ ಎಂದು ಕೇಳಿದರೆ ಸಾಕು. 'ಗ್ರಾವಿಟಿ ನೋಡು' ಎಂದಾಗ ಅಲ್ಲಿ ಗುರುತ್ವಾಕರ್ಷಣೆಯ ಮಾತಿಲ್ಲ, ದ್ರಾವಣವು ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಎಂಬ ಪ್ರಶ್ನೆಯಿದೆ. ಇದನ್ನು ಗ್ರಹಿಸಿದ ಮಗು ಮುಂದೆ ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದ ಇಂಟರ್‌ಮೀಡಿಯೇಟ್ ತರಗತಿಗೆ ಹೋದಾಗಲೂ ತಡವರಿಸುವುದಿಲ್ಲ.

4. ಬ್ಯಾಟರಿಯ ಒಳಗೆ ನಡೆಯುವುದೇನು

ಸೀಸ–ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ರೂಪಿಸಿದನು. ಸಾಮಾನ್ಯವಾಗಿ ಕಾರುಗಳಲ್ಲಿ ಎಂಜಿನ್ ಚಾಲೂ ಮಾಡಲು ಬಳಸುವುದು ಇಂದಿಗೂ ಅದೇ ತತ್ತ್ವದ ಬ್ಯಾಟರಿಯನ್ನು. ಅದರೊಳಗೆ ಆರು ಕೋಶಗಳು ಸರಣಿಯಲ್ಲಿ ಜೋಡಣೆಗೊಂಡಿರುತ್ತವೆ. ಪೂರ್ಣ ಚಾರ್ಜ್ ಆದ ಒಂದು ಕೋಶದ ವೋಲ್ಟೇಜ್ ಸುಮಾರು 2.1 ವೋಲ್ಟ್; ಆರಕ್ಕೆ 12.6 ವೋಲ್ಟ್. '12 ವೋಲ್ಟ್ ಬ್ಯಾಟರಿ' ಎಂಬುದು ರೂಢಿಯ ಹೆಸರು. ವಾಸ್ತವದಲ್ಲಿ ಸರಿಯಾಗಿ 12.0 ವೋಲ್ಟ್ ತೋರಿಸುವ ಬ್ಯಾಟರಿ ಬಹುಪಾಲು ಇಳಿದುಹೋಗಿರುತ್ತದೆ. ವಿದ್ಯಾರ್ಥಿಗಳು ಇಲ್ಲಿ ಎಡವುವುದು ಸಹಜ. ಈ ಸಂಖ್ಯೆಯನ್ನು ಒತ್ತಿ ಹೇಳಿ.

ಪ್ರತಿ ಕೋಶದ ಋಣ ಫಲಕ ಸೀಸ, ಧನ ಫಲಕ ಸೀಸದ ಡೈಆಕ್ಸೈಡ್, ನಡುವೆ ಸಲ್ಫ್ಯೂರಿಕ್ ಆಮ್ಲದ ದ್ರಾವಣ. ಬ್ಯಾಟರಿ ವಿದ್ಯುತ್ತನ್ನು ಕೊಡುವಾಗ ನಡೆಯುವ ಕ್ರಿಯೆಯನ್ನು ಹೀಗೆ ಬರೆಯಬಹುದು:

ಸೀಸ + ಸೀಸದ ಡೈಆಕ್ಸೈಡ್ + ಸಲ್ಫ್ಯೂರಿಕ್ ಆಮ್ಲ → ಸೀಸದ ಸಲ್ಫೇಟ್ + ನೀರು

ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ, ಆಮ್ಲ ಖರ್ಚಾಗಿ ನೀರು ಹೆಚ್ಚುತ್ತದೆ, ದ್ರಾವಣ ತೆಳುವಾಗುತ್ತದೆ. ಚಾರ್ಜ್ ಮಾಡುವಾಗ ಇದೇ ಕ್ರಿಯೆ ಹಿಮ್ಮುಖವಾಗಿ ನಡೆಯುತ್ತದೆ. ದ್ರಾವಣದ ಸಾಂದ್ರತೆಯನ್ನು ಅಳೆದರೆ ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂದು ತಿಳಿಯುವುದು ಈ ಕಾರಣದಿಂದಲೇ.

ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ, ಫಲಕದ ಮೇಲಿನ ಸಲ್ಫೇಟಿನ ಸೂಕ್ಷ್ಮ ಹರಳುಗಳು ಬೆಳೆದು ಗಟ್ಟಿಯಾಗುತ್ತವೆ. ಆಮೇಲೆ ಚಾರ್ಜ್ ಮಾಡಿದರೂ ಅವು ಪೂರ್ತಿಯಾಗಿ ಕರಗುವುದಿಲ್ಲ. ಇಳಿದಿದ್ದ ಬ್ಯಾಟರಿ ಹಾಳಾದ ಬ್ಯಾಟರಿಯಾಗುವ ದಾರಿ ಇದು. 'ಇಳಿದಿದೆ' ಮತ್ತು 'ಹಾಳಾಗಿದೆ' ಎಂಬ ಎರಡು ಮಾತುಗಳ ಅಂತರವನ್ನು ಈ ಹಂತದಲ್ಲಿ ಸ್ಪಷ್ಟಪಡಿಸಿ. ಮೊದಲನೆಯದು ಸರಿಹೋಗುವ ಸ್ಥಿತಿ, ಎರಡನೆಯದು ಸರಿಹೋಗದ ಸ್ಥಿತಿ. ಮೊದಲನೆಯದನ್ನು ಅಲಕ್ಷಿಸಿದರೆ ಎರಡನೆಯದು ಬರುತ್ತದೆ.

5. ಸುರಕ್ಷತೆ: ಪರೀಕ್ಷೆಗಿಂತ ಮೊದಲು

ಈ ಭಾಗವನ್ನು ಬೋಧಿಸದೆ ಮುಂದಿನ ಭಾಗಕ್ಕೆ ಹೋಗಬಾರದು.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ. 4ರಷ್ಟು ಸೇರಿದರೂ ಕಿಡಿ ತಗಲಿದಾಗ ಹೊತ್ತಿಕೊಳ್ಳಬಲ್ಲದು. ಬೀಡಿ ಸೇದುತ್ತ ಬ್ಯಾಟರಿಯ ಮುಚ್ಚಳ ತೆರೆಯುವುದು, ಕತ್ತಲಲ್ಲಿ ಕಡ್ಡಿ ಗೀರಿ ನೀರಿನ ಮಟ್ಟ ನೋಡುವುದು ಕಣ್ಣು ಕಳೆದುಕೊಳ್ಳುವ ದಾರಿಗಳು. ಎರಡು ತುದಿಗಳ ನಡುವೆ ತಂತಿ ತಾಗಿಸಿ ಕಿಡಿ ಬರುತ್ತದೆಯೇ ಎಂದು ನೋಡುವ 'ಪರೀಕ್ಷೆ'ಯನ್ನು ಯಾರೂ ಮಾಡಬಾರದು.

ಬ್ಯಾಟರಿಯ ಬಳಿ ಕೆಲಸ ಮಾಡುವವರು ಕೈಯ ಲೋಹದ ಬಳೆ, ಉಂಗುರ, ಗಡಿಯಾರಗಳನ್ನು ತೆಗೆದಿಡಬೇಕು. ಕಣ್ಣಿಗೆ ರಕ್ಷಣಾ ಕನ್ನಡಕ, ಕೈಗೆ ರಬ್ಬರ್ ಗವಸು ಧರಿಸಬೇಕು. ಆಮ್ಲ ಚರ್ಮಕ್ಕೆ ತಗಲಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಿಂದ ತೊಳೆದು, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ತಂತಿ ಬಿಚ್ಚುವಾಗ ಮೊದಲು ಋಣ ತುದಿ, ಜೋಡಿಸುವಾಗ ಕೊನೆಗೆ ಋಣ ತುದಿ. ಈಗಿನ ವಾಹನಗಳಲ್ಲಿ ಋಣ ತುದಿಯು ವಾಹನದ ಲೋಹದ ಮೈಗೆ ಜೋಡಿಸಿರುತ್ತದೆ. ಅದನ್ನು ಮೊದಲು ಬಿಚ್ಚಿದರೆ, ಧನ ತುದಿಯನ್ನು ಬಿಚ್ಚುವಾಗ ಸ್ಪ್ಯಾನರ್ ಅಕಸ್ಮಾತ್ ವಾಹನದ ಮೈಗೆ ತಾಗಿದರೂ ಮಂಡಲ ಪೂರ್ಣವಾಗುವುದಿಲ್ಲ. ಈ ನಿಯಮವನ್ನು ಬಾಯಿಪಾಠ ಮಾಡಿಸದೆ ಮಂಡಲದ ಚಿತ್ರ ಬರೆಯಿಸಿ ಕಾರಣವನ್ನು ಮಕ್ಕಳಿಂದಲೇ ಹೇಳಿಸಿ.

ಶಾಲೆಯಲ್ಲಿ ವಿದ್ಯಾರ್ಥಿಗಳು ಮಲ್ಟಿಮೀಟರನ್ನು ಮಾತ್ರ, ಅದೂ ಶಿಕ್ಷಕರ ಎದುರಿನಲ್ಲಿ ಬಳಸಬೇಕು. ಮೀಟರು ನೇರ ಪ್ರವಾಹದ ವೋಲ್ಟೇಜ್ ಸ್ಥಾನದಲ್ಲಿದೆಯೇ ಎಂದು ಶಿಕ್ಷಕರು ಮೊದಲು ನೋಡಬೇಕು. ಪ್ರವಾಹ ಅಳೆಯುವ ಸ್ಥಾನದಲ್ಲಿಟ್ಟು ಬ್ಯಾಟರಿಗೆ ತಾಗಿಸಿದರೆ ಮೀಟರು ಸುಡುತ್ತದೆ. ಮುಚ್ಚಳ ತೆರೆಯುವುದು, ಹೈಡ್ರೋಮೀಟರ್ ಬಳಸುವುದು ಶಿಕ್ಷಕರ ಅಥವಾ ಅನುಭವಿ ಮೆಕ್ಯಾನಿಕರ ಕೆಲಸ. ಮಕ್ಕಳು ದೂರ ನಿಂತು ಅಂಕಿಗಳನ್ನು ಬರೆದುಕೊಂಡರೆ ಸಾಕು.

6. ಪರೀಕ್ಷೆಯ ಕ್ರಮ

ಮೊದಲ ಹಂತ: ನೋಡುವುದು. ಪೆಟ್ಟಿಗೆ ಬಿರುಕು ಬಿಟ್ಟಿದೆಯೇ, ಉಬ್ಬಿದೆಯೇ? ತುದಿಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದೆಯೇ? ಕ್ಲಾಂಪ್ ಕೈಯಿಂದ ಅಲುಗುತ್ತದೆಯೇ? ಬ್ಯಾಟರಿಯನ್ನು ಹಿಡಿದಿಡುವ ಪಟ್ಟಿ ಬಿಗಿಯಾಗಿದೆಯೇ? ಕಚ್ಚಾ ರಸ್ತೆಯಲ್ಲಿ ಓಡುವ ವಾಹನದಲ್ಲಿ ಪಟ್ಟಿ ಸಡಿಲಿದ್ದರೆ ಅದುರಾಟದಿಂದ ಫಲಕಗಳ ಮೇಲಿನ ವಸ್ತು ಉದುರುತ್ತದೆ. ಉಬ್ಬಿದ ಅಥವಾ ಬಿರುಕು ಬಿಟ್ಟ ಬ್ಯಾಟರಿಯನ್ನು ಮುಂದೆ ಪರೀಕ್ಷಿಸದೆ ಬದಲಾಯಿಸಬೇಕು.

ಎರಡನೆಯ ಹಂತ: ವಿಶ್ರಾಂತ ವೋಲ್ಟೇಜ್. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ ಅಳೆಯಬೇಕು; ಬೆಳಿಗ್ಗೆ ವಾಹನ ಚಾಲೂ ಮಾಡುವ ಮೊದಲು ಅಳೆಯುವುದು ಎಲ್ಲಕ್ಕಿಂತ ಸುಲಭ. ಆಗತಾನೆ ಓಡಿ ನಿಂತ ವಾಹನದ ಬ್ಯಾಟರಿ ತನ್ನ ನಿಜಸ್ಥಿತಿಗಿಂತ ಹೆಚ್ಚು ವೋಲ್ಟೇಜ್ ತೋರಿಸುತ್ತದೆ. ಅಂಕಿಗಳನ್ನು ಸ್ಥೂಲವಾಗಿ ಹೀಗೆ ಓದಬೇಕು:

12.6 ವೋಲ್ಟ್ ಅಥವಾ ಮೇಲೆ – ಪೂರ್ಣ ಚಾರ್ಜ್ – ಸಾಪೇಕ್ಷ ಸಾಂದ್ರತೆ ಸುಮಾರು 1.265
12.4 ವೋಲ್ಟ್ – ಮುಕ್ಕಾಲು ಭಾಗ – 1.225
12.2 ವೋಲ್ಟ್ – ಅರ್ಧ ಭಾಗ – 1.190
12.0 ವೋಲ್ಟ್ – ಕಾಲು ಭಾಗ – 1.155
11.9 ವೋಲ್ಟ್ ಅಥವಾ ಕೆಳಗೆ – ಪೂರ್ತಿ ಇಳಿದಿದೆ – 1.120

12.4 ವೋಲ್ಟಿಗಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಬೇಕು, ಕಾಯಬಾರದು.

ಮೂರನೆಯ ಹಂತ: ಸೆಲ್ಫ್ ತಿರುಗುವಾಗಿನ ವೋಲ್ಟೇಜ್. ವಾಹನದ ಒಡೆಯರು ಕೀಲಿ ತಿರುಗಿಸುವಾಗ ಶಿಕ್ಷಕರು ಮೀಟರ್ ಓದಬೇಕು. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿಯ ವೋಲ್ಟೇಜ್ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಬ್ಯಾಟರಿಯ ಶಕ್ತಿ ಕುಂದಿದೆ ಎಂಬ ಸಂದೇಹ ಬಲವಾಗುತ್ತದೆ.

ನಾಲ್ಕನೆಯ ಹಂತ: ಎಂಜಿನ್ ಓಡುವಾಗಿನ ವೋಲ್ಟೇಜ್. ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಎಂಜಿನ್ ಓಡುವಾಗಲೂ 12.5ರ ಆಸುಪಾಸಿನಲ್ಲಿಯೇ ನಿಂತಿದ್ದರೆ ಆಲ್ಟರ್ನೇಟರ್, ಅದರ ಬೆಲ್ಟ್ ಅಥವಾ ತಂತಿಯಲ್ಲಿ ದೋಷವಿದೆ, ಬ್ಯಾಟರಿಯನ್ನು ದೂರುವಂತಿಲ್ಲ. 15 ವೋಲ್ಟನ್ನು ಮೀರಿದರೆ ಅತಿಯಾಗಿ ಚಾರ್ಜ್ ಆಗಿ ಬ್ಯಾಟರಿಯ ನೀರು ಬೇಗ ಒಣಗುತ್ತದೆ.

ಐದನೆಯ ಹಂತ: ಸಾಪೇಕ್ಷ ಸಾಂದ್ರತೆ. ಮುಚ್ಚಳ ತೆರೆಯಬಲ್ಲ ಬ್ಯಾಟರಿಗಳಿಗೆ ಮಾತ್ರ ಇದು ಸಾಧ್ಯ. ಆರು ಕೋಶಗಳನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಚಾರ್ಜ್ ಆದ ಮೇಲೂ ಒಂದು ಕೋಶ ಉಳಿದವುಗಳಿಗಿಂತ 0.050ಕ್ಕೂ ಹೆಚ್ಚು ಹಿಂದೆ ಉಳಿದರೆ ಆ ಕೋಶ ಹಾಳಾಗಿದೆ. ಒಟ್ಟು ವೋಲ್ಟೇಜ್ ಹೇಳದ ಸಂಗತಿಯನ್ನು ಈ ಅಳತೆ ಹೇಳುತ್ತದೆ. ದ್ರಾವಣ ಬಿಸಿಯಾದಾಗ ಹಿಗ್ಗಿ ಅಂಕಿ ಕಡಿಮೆ ಬರುವುದರಿಂದ, 27 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಪ್ರತಿ 5.5 ಡಿಗ್ರಿಗೆ 0.004ನ್ನು ಕೂಡಿಸಿಕೊಳ್ಳಬೇಕು. ನಮ್ಮ ಬೇಸಿಗೆಯಲ್ಲಿ ಈ ತಿದ್ದುಪಡಿಯನ್ನು ಮರೆಯುವಂತಿಲ್ಲ.

ಮುಚ್ಚಳವಿಲ್ಲದ ಕೆಲವು ಬ್ಯಾಟರಿಗಳ ಮೇಲೆ ಬಣ್ಣ ತೋರಿಸುವ ಚಿಕ್ಕ ಗಾಜಿನ ಕಣ್ಣು ಇರುತ್ತದೆ. ಸಾಮಾನ್ಯವಾಗಿ ಹಸಿರು ಎಂದರೆ ಸರಿಯಿದೆ, ಕಪ್ಪು ಎಂದರೆ ಚಾರ್ಜ್ ಬೇಕು, ಬಿಳುಪು ಎಂದರೆ ದ್ರಾವಣ ಕಡಿಮೆಯಾಗಿದೆ. ಆದರೆ ಆ ಕಣ್ಣು ಆರರಲ್ಲಿ ಒಂದು ಕೋಶವನ್ನು ಮಾತ್ರ ನೋಡುತ್ತದೆ. ಹಸಿರು ಕಂಡಿತೆಂದು ಉಳಿದ ಪರೀಕ್ಷೆಗಳನ್ನು ಕೈಬಿಡಬಾರದು.

7. ಪೋಷಣೆ

ನೀರು. ಶೆಕೆಯಿಂದಲೂ ಚಾರ್ಜ್ ಆಗುವಾಗಲೂ ಬ್ಯಾಟರಿಯಿಂದ ಹೊರಹೋಗುವುದು ಮುಖ್ಯವಾಗಿ ನೀರು. ಆಮ್ಲ ಒಳಗೇ ಉಳಿಯುತ್ತದೆ. ಆದ್ದರಿಂದ ಮಟ್ಟ ಕಡಿಮೆಯಾದಾಗ ನೀರನ್ನು ಮಾತ್ರ ಸೇರಿಸಬೇಕು, ಆಮ್ಲವನ್ನಲ್ಲ. ಆ ನೀರು ಭಟ್ಟಿ ಇಳಿಸಿದ ನೀರೇ ಆಗಿರಬೇಕು. ನಮ್ಮ ಕೊಳವೆಬಾವಿಯ ನೀರನ್ನು ಕುದಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಉಳಿಯುವುದನ್ನು ಪ್ರತಿ ಮಗುವೂ ಕಂಡಿದೆ. ನೀರಿನಲ್ಲಿರುವ ಕ್ಲೋರೈಡ್ ಮತ್ತು ಕಬ್ಬಿಣದ ಅಂಶಗಳು ಬ್ಯಾಟರಿಯೊಳಗೆ ಸೇರಿದರೆ ಫಲಕಗಳನ್ನು ತಿನ್ನುತ್ತವೆ, ಬ್ಯಾಟರಿ ತಾನಾಗಿಯೇ ಬೇಗ ಇಳಿಯುವಂತೆ ಮಾಡುತ್ತವೆ. ಶುದ್ಧ ನೀರಿನ ಘಟಕದಿಂದ ತರುವ ಕ್ಯಾನ್ ನೀರು ಕುಡಿಯಲು ಯೋಗ್ಯ. ಅದರಲ್ಲಿಯೂ ಸ್ವಲ್ಪ ಲವಣ ಉಳಿದಿರುವುದರಿಂದ ಬ್ಯಾಟರಿಗೆ ಯೋಗ್ಯವಲ್ಲ. 'ಶುದ್ಧ' ಎಂಬ ಒಂದೇ ಪದಕ್ಕೆ ಎರಡು ಸಂದರ್ಭಗಳಲ್ಲಿ ಎರಡು ಅರ್ಥ ಎಂಬುದು ಭಾಷಾ ಶಿಕ್ಷಕರಿಗೆ ಒಳ್ಳೆಯ ಚರ್ಚಾವಿಷಯ.

ಪೆಟ್ಟಿಗೆಯ ಮೇಲಿನ ಎರಡು ಗೆರೆಗಳ ನಡುವೆ ಮಟ್ಟವಿರಬೇಕು. ಚಾರ್ಜ್ ಆಗುವಾಗ ದ್ರಾವಣ ಉಬ್ಬುವುದರಿಂದ, ನೀರನ್ನು ಚಾರ್ಜ್ ಆದ ಮೇಲೆ ತುಂಬಬೇಕು. ಫಲಕಗಳು ಆಗಲೇ ಹೊರಗೆ ಕಾಣುತ್ತಿದ್ದರೆ ಅವು ಮುಳುಗುವಷ್ಟು ಮಾತ್ರ ಮೊದಲು ಹಾಕಿ, ಚಾರ್ಜ್ ಮಾಡಿಸಿ, ಆಮೇಲೆ ಗೆರೆಯವರೆಗೆ ತುಂಬಬೇಕು. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಟ್ಟ ನೋಡುವುದು ಒಳ್ಳೆಯದು.

ಶುಚಿತ್ವ. ತುದಿಗಳ ಮೇಲಿನ ಪುಡಿಯನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ಹಳೆಯ ಬ್ರಷ್ ಬಳಸಿ ಉಜ್ಜಿ, ಒರೆಸಿ, ಒಣಗಿಸಿ, ಬಿಗಿದ ಮೇಲೆ ವ್ಯಾಸಲೀನ್ ಸವರಬೇಕು. ಸೋಡಾ ನೀರು ಕೋಶದೊಳಗೆ ಹೋಗದಂತೆ ಮುಚ್ಚಳಗಳು ಭದ್ರವಾಗಿರಬೇಕು. ಆಮ್ಲವನ್ನು ಸೋಡಾ ತಟಸ್ಥಗೊಳಿಸುವಾಗ ಏಳುವ ಗುಳ್ಳೆಗಳು ಇಂಗಾಲದ ಡೈಆಕ್ಸೈಡ್; 'ಆಮ್ಲ, ಪ್ರತ್ಯಾಮ್ಲ ಮತ್ತು ಲವಣಗಳು' ಪಾಠಕ್ಕೆ ಇದು ಜೀವಂತ ಉದಾಹರಣೆ.

ನಿಂತ ವಾಹನ. ಶೇಂಗಾ ಸುಗ್ಗಿ ಮುಗಿದ ಮೇಲೆ ಟ್ರ್ಯಾಕ್ಟರ್‌ಗಳು ವಾರಗಟ್ಟಲೆ ನಿಲ್ಲುತ್ತವೆ. ನಿಂತಿದ್ದರೂ ಬ್ಯಾಟರಿ ತಾನಾಗಿ ಇಳಿಯುತ್ತದೆ; ಶೆಕೆ ಹೆಚ್ಚಿದಷ್ಟೂ ಬೇಗ ಇಳಿಯುತ್ತದೆ. ಅಂಥ ವಾಹನದ ಋಣ ತುದಿಯನ್ನು ಬಿಚ್ಚಿಡಬೇಕು, ನೆರಳಿನಲ್ಲಿ ನಿಲ್ಲಿಸಬೇಕು, ತಿಂಗಳಿಗೊಮ್ಮೆ ವೋಲ್ಟೇಜ್ ನೋಡಿ ಅಗತ್ಯವಿದ್ದರೆ ಚಾರ್ಜ್ ಮಾಡಿಸಬೇಕು. ಎಂಜಿನನ್ನು ಐದು ನಿಮಿಷ ಓಡಿಸಿ ನಿಲ್ಲಿಸುವುದರಿಂದ ಇಳಿದ ಬ್ಯಾಟರಿ ತುಂಬುವುದಿಲ್ಲ.

ಹಳೆಯ ಬ್ಯಾಟರಿ. ಅದನ್ನು ಒಡೆದು ಸೀಸ ತೆಗೆಯುವುದಾಗಲಿ, ಕರಗಿಸುವುದಾಗಲಿ, ಆಮ್ಲವನ್ನು ಚರಂಡಿಗೆ ಸುರಿಯುವುದಾಗಲಿ ಕೂಡದು. ಸೀಸದ ಧೂಳು ಮತ್ತು ಹೊಗೆ ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಆ ಹಾನಿ ಹಿಂತಿರುಗಿ ಸರಿಹೋಗುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಹಿಂಪಡೆದು ಮರುಬಳಕೆಗೆ ಕಳುಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಮಾರಾಟಗಾರರಿಗೆ ಒಪ್ಪಿಸಿ, ಅದರ ಬೆಲೆಯನ್ನು ಕಳೆಯಿಸಿಕೊಳ್ಳುವುದೇ ಸರಿಯಾದ ಕ್ರಮ.

ವಿದ್ಯುತ್ ಸ್ಕೂಟರುಗಳ ಲಿಥಿಯಂ ಬ್ಯಾಟರಿಗಳಿಗೆ ಈ ಪಾಠದ ಅಂಕಿಗಳಾಗಲಿ ಪೋಷಣಾ ಕ್ರಮವಾಗಲಿ ಅನ್ವಯಿಸುವುದಿಲ್ಲ. ಅವುಗಳನ್ನು ಮನೆಯಲ್ಲಿ ತೆರೆಯಲೇಬಾರದು ಎಂದು ಮಕ್ಕಳಿಗೆ ತಿಳಿಸಿ.

8. ತರಗತಿಯ ಲೆಕ್ಕಗಳು

(ಅ) ಕಾರಿನ 55 ವ್ಯಾಟಿನ ಎರಡು ಮುಂದೀಪಗಳು ರಾತ್ರಿ ಉರಿಯುತ್ತಲೇ ಉಳಿದವು. ಬ್ಯಾಟರಿ 35 ಆಂಪಿಯರ್-ಗಂಟೆಯದು. ಎಷ್ಟು ಹೊತ್ತಿನಲ್ಲಿ ಅದು ಇಳಿಯುತ್ತದೆ?
ಉತ್ತರ: 110 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 9.2 ಆಂಪಿಯರ್. 35ನ್ನು 9.2ರಿಂದ ಭಾಗಿಸಿದರೆ ಸುಮಾರು 3.8 ಗಂಟೆ. ವಾಸ್ತವದಲ್ಲಿ ಇನ್ನೂ ಬೇಗ ಇಳಿಯುತ್ತದೆ. ಪ್ರವಾಹ ಹೆಚ್ಚಿದಷ್ಟೂ ಬ್ಯಾಟರಿಯ ಉಪಯುಕ್ತ ಧಾರಣಶಕ್ತಿ ಕುಗ್ಗುತ್ತದೆ.

(ಆ) ನಿಂತ ಕಾರಿನಲ್ಲಿ ಗಡಿಯಾರ, ಅಲಾರಂ ಮೊದಲಾದವು 50 ಮಿಲಿಆಂಪಿಯರ್ ಎಳೆಯುತ್ತಿವೆ. ಅದೇ ಬ್ಯಾಟರಿ ಅರ್ಧಕ್ಕೆ ಇಳಿಯಲು ಎಷ್ಟು ದಿನ ಬೇಕು?
ಉತ್ತರ: ದಿನಕ್ಕೆ 1.2 ಆಂಪಿಯರ್-ಗಂಟೆ, 17.5ನ್ನು 1.2ರಿಂದ ಭಾಗಿಸಿದರೆ ಸುಮಾರು 14.6 ದಿನ.

(ಇ) 38 ಡಿಗ್ರಿ ಉಷ್ಣತೆಯಲ್ಲಿ ಹೈಡ್ರೋಮೀಟರ್ 1.217 ತೋರಿಸಿತು. ನಿಜವಾದ ಅಂಕಿ ಎಷ್ಟು, ಚಾರ್ಜ್ ಎಷ್ಟು?
ಉತ್ತರ: 27ಕ್ಕಿಂತ 11 ಡಿಗ್ರಿ ಹೆಚ್ಚು, ತಿದ್ದುಪಡಿ 0.008, ನಿಜವಾದ ಅಂಕಿ 1.225, ಅಂದರೆ ಮುಕ್ಕಾಲು ಭಾಗ.

9. ಮೌಲ್ಯಮಾಪನ: ನಾಲ್ಕು ವಾಹನಗಳು

ಕೆಳಗಿನ ನಾಲ್ಕೂ ವಾಹನಗಳ ಒಡೆಯರು "ಬ್ಯಾಟ್ರಿ ಹೋಯಿತು" ಎನ್ನುತ್ತಿದ್ದಾರೆ ಎಂದಿಟ್ಟುಕೊಳ್ಳಿ. ವಿದ್ಯಾರ್ಥಿಗಳು ಗುಂಪುಗಳಲ್ಲಿ ಚರ್ಚಿಸಿ, ದೋಷವನ್ನು ಒಂದು ಪೂರ್ಣ ಕನ್ನಡ ವಾಕ್ಯದಲ್ಲಿ ಕಾರಣಸಹಿತ ಬರೆಯಬೇಕು.

ಮೊದಲನೆಯದು: ವಿಶ್ರಾಂತ ವೋಲ್ಟೇಜ್ 12.6. ಕೀಲಿ ತಿರುಗಿಸಿದರೆ 'ಟಕ್' ಎಂಬ ಸದ್ದು ಮಾತ್ರ. ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜ್ ಬಹುತೇಕ ಇಳಿಯುವುದಿಲ್ಲ. (ಪ್ರವಾಹವೇ ಹರಿಯುತ್ತಿಲ್ಲ: ಕ್ಲಾಂಪ್, ತಂತಿ ಅಥವಾ ಸೆಲ್ಫ್ ಮೋಟಾರಿನ ದೋಷ.)

ಎರಡನೆಯದು: ವಿಶ್ರಾಂತ ವೋಲ್ಟೇಜ್ 12.0. ಚಾರ್ಜ್ ಆದ ಮೇಲೆ 12.6, ಸೆಲ್ಫ್ ತಿರುಗುವಾಗ 10.4, ಎಂಜಿನ್ ಓಡುವಾಗ 12.3. (ಓಡುವಾಗ ಚಾರ್ಜ್ ಆಗುತ್ತಿಲ್ಲ: ಬೆಲ್ಟ್ ಅಥವಾ ಆಲ್ಟರ್ನೇಟರ್ ನೋಡಿಸಬೇಕು.)

ಮೂರನೆಯದು: ವಿಶ್ರಾಂತ ವೋಲ್ಟೇಜ್ 12.0. ಚಾರ್ಜ್ ಆದ ಮೇಲೆ 12.6, ಸೆಲ್ಫ್ ತಿರುಗುವಾಗ 10.5, ಎಂಜಿನ್ ಓಡುವಾಗ 14.2. ಎರಡು ವಾರ ನಿಂತಿತ್ತು. (ಬ್ಯಾಟರಿಯೂ ಆಲ್ಟರ್ನೇಟರೂ ಸರಿಯಿವೆ: ನಿಂತಾಗ ಸೋರಿಕೆಯಿಂದ ಇಳಿದಿದೆ.)

ನಾಲ್ಕನೆಯದು: ರಾತ್ರಿಯಿಡೀ ಚಾರ್ಜ್ ಮಾಡಿದ ಮೇಲೂ 10.5. (ಒಂದು ಕೋಶ ಕಡಿಮೆ: 2.1ನ್ನು ಐದರಿಂದ ಗುಣಿಸಿದರೆ 10.5. ಈ ಬ್ಯಾಟರಿ ಮಾತ್ರ ಹಾಳಾಗಿದೆ.)

ಉತ್ತರ ಪರಿಶೀಲಿಸುವಾಗ ಅಂಕಿಗೂ ತೀರ್ಮಾನಕ್ಕೂ ನಡುವಿನ 'ಆದ್ದರಿಂದ' ಸರಿಯಾಗಿದೆಯೇ ಎಂಬುದಕ್ಕೆ ಹೆಚ್ಚಿನ ಅಂಕ ಕೊಡಿ. ಆಸಿಡ್ ಎಂದು ಬರೆದರೂ ಆಮ್ಲ ಎಂದು ಬರೆದರೂ ಅಂಕ ಕಳೆಯಬೇಡಿ. ಇಳಿದಿರುವುದನ್ನು ಹಾಳಾಗಿದೆ ಎಂದು ಬರೆದರೆ ಮಾತ್ರ ಬಿಡದೆ ತಿದ್ದಿ.

ಮನೆಗೆಲಸವಾಗಿ, ಮನೆಯ ಅಥವಾ ನೆರೆಯವರ ಒಂದು ಬ್ಯಾಟರಿಯನ್ನು ಮುಟ್ಟದೆ ಹೊರಗಿನಿಂದ ನೋಡಿ, ಮೊದಲ ಹಂತದ ಪ್ರಶ್ನೆಗಳಿಗೆ ಉತ್ತರ ಬರೆದು ತರಲು ಹೇಳಿ. ಅದನ್ನು ಮನೆಯ ಹಿರಿಯರಿಗೆ ಓದಿಹೇಳಿ, ಅವರ ಸಹಿ ಪಡೆದು ತರಬೇಕು.